ಹ ಬಿಟ್ಟ ಹಾಡು

ಉಬ್ಬುತ್ತಿದೆ, ಒಂದೇ ಬದಿ ಉಬ್ಬುತ್ತಿದೆ ಈ ರೊಟ್ಟಿ, ಅಂಚಿನಲ್ಲೆಲ್ಲೋ ಸಣ್ಣ ಬಿರುಕಿರಬೇಕು, ಹಬೆ ಅಲ್ಲಿಂದಲೇ ತಪ್ಪಿಸಿಕೊಳ್ಳುತ್ತಿದೆ, ಒದ್ದೆ ಬಟ್ಟೆಯಿಂದ ಒತ್ತಿದೆ, ಕೂತಿತು — ಎರಡನೇ ಹಾಡು ಮುಗಿಯುತ್ತಾ ಬಂತು, ಎಡಗಿವಿಯಲ್ಲಿ ಅಣ್ಣನ ಗಿಟಾರು, ಬಲಗಿವಿ ಹಂಪಮ್ಮಕ್ಕನಿಗೆ, ರೊಟ್ಟಿಕೇಂದ್ರ ಅವರದು, ಕರೆದರೆ ಓ ಅನ್ನಬೇಕಲ್ಲ, ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ, ಪರದೆಯಲ್ಲಿ ಹಾಡಿನ ಸಾಲುಗಳು ಬಿಳಿ ಅಕ್ಷರದಲ್ಲಿ ಒಂದೊಂದಾಗಿ ಬಂದು ಅಳಿಸಿಹೋಗುತ್ತಿವೆ, ಅಕ್ಷರ ಕೂರಿಸಿದ್ದು ಅಣ್ಣನೇ, ಹತ್ತು ಗಂಟೆಗೆ ಬಿಡ್ತೀವಿ ಪಂಪಿ, ಮೊದ್ಲು ನೀನೇ ನೋಡ್ಬೇಕು ಅಂದಿದ್ದ, ಹತ್ತಕ್ಕೇ ಬಂತು, ಹೊಸ ಆಲ್ಬಮ್ಮು, ಏಳು ಹಾಡು, ನನಗೆ ಬೇಕಾದದ್ದು ಮೂರನೆಯದು, ಬೇಕಾದದ್ದಲ್ಲ, ಹೆದರಿಕೆ ಇರುವುದು ಮೂರನೆಯದರ ಮೇಲೆ, ಅದರಲ್ಲಿ ಒಂದು ಶಬ್ದ, ಆ ಶಬ್ದದ ಮೊದಲ ಅಕ್ಷರ. ಮುಂದಕ್ಕೆ ಎಳೆದು ನೋಡಬಹುದು, ಬೆರಳಿಗೆಲ್ಲ ಹಿಟ್ಟು ಅಂಟಿದೆ, ಹಿಟ್ಟು ಬರೀ ನೆಪ, ಧೈರ್ಯವಿಲ್ಲ ಅಷ್ಟೆ. ಏನಬೇ ಪಂಪಿ, ಡಬ್ಬಿ ಮುಂದ ಕುಂತು ಪೂಜಿ ಮಾಡಾಕತ್ತಿಯೇನು, ರೊಟ್ಟಿ ಸೀದು ಹೊಂಟೈತಿ ನೋಡು, ಪಕ್ಕದ ಒಲೆಯಿಂದ ಹುಸೇನಮ್ಮ, ನಲವತ್ತು ರೊಟ್ಟಿ ಬಡಿದರೂ ಬಾಯಿ ದಣಿಯುವುದಿಲ್ಲ ಆಕೆಗೆ, ನಮ್ಮಣ್ಣನ ಹಾಡು ಬಂದೈತಿ ಅತ್ತಿ ಅಂದೆ, ಅದಾ, ಹೋದ ಸಲ ಕೇಳ್ಸಿದ್ದೆಲ್ಲ, ಯಾರಿಗೋ ಮೈಮ್ಯಾಲೆ ಬಂದಂಗ ಒದರ್ತಿತ್ತಲ್ಲ ಅದು, ಅಂದು ತಾನೇ ನಕ್ಕಳು, ಹಂಪಮ್ಮಕ್ಕನೂ ನಕ್ಕರು, ನಾನೂ ನಕ್ಕೆ, ಅವರು ನಕ್ಕಾಗ ನಾನೂ ನಕ್ಕುಬಿಟ್ಟರೆ ಬೇಗ ಮುಗಿಯುತ್ತದೆ.

ಹೋದ ಸಲದ್ದು ಒದರುವುದೇ ಆಗಿತ್ತು, ನಿಜ. ಮೂರು ವರ್ಷದ ಹಿಂದೆ, ಅದಿರು ಅಂತ ಬ್ಯಾಂಡಿಗೆ ಹೆಸರಿಟ್ಟಿದ್ದು ಅಣ್ಣ, ಗಣಿಯ ಅದಿರೂ ಹೌದು, ನೆಲ ಅದಿರೋದೂ ಹೌದು ಅಂತ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ, ಮೂರೇ ಜನ, ಅಣ್ಣ ಜಂಬುನಾಥ ಗಿಟಾರು, ಪ್ರವೀಣ ಡ್ರಮ್ಮು, ಅಂಜಿನಿ ಹಾಡುವವನು, ವಡ್ಡುವಿನ ಫ್ಯಾಕ್ಟರಿಯಲ್ಲಿ ಲಾರಿ ತೂಗುವ ಕಡೆ ಕೆಲಸ ಅವನಿಗೆ, ಆ ಆಲ್ಬಮ್ಮಿನ ತುಂಬ ಕೋಟೆ, ಆನೆ, ಬೆಂಕಿ, ಕತ್ತಿ, ಪ್ರವೀಣನ ಎರಡೂ ಕಾಲು ಒಟ್ಟಿಗೇ ಓಡುತ್ತಿದ್ದವು, ಕಲ್ಲು ಪುಡಿ ಮಾಡುವ ಮಿಷನ್ನಿನ ಹತ್ತಿರ ನಿಂತ ಹಾಗೆ, ಉಸಿರಾಡಲು ಎಲ್ಲೂ ಜಾಗವಿರಲಿಲ್ಲ. ಹುಡುಗರು ತಲೆ ಕೊಡವಿ ಕುಣಿದರು, ಬಳ್ಳಾರಿಯ ಕಾಲೇಜಿನಲ್ಲಿ, ನಾನು ಗೋಡೆಗೆ ಅಂಟಿ ನಿಂತಿದ್ದೆ, ಎಲ್ಲರೂ ಗಿಟಾರು ನೋಡುತ್ತಿದ್ದರು, ನಾನು ನೋಡಿದ್ದು ಅಂಜಿನಿಯ ಕೊರಳು, ಕೂಗುವಾಗ ಒಂದು ನರ ಕಿವಿಯ ಕೆಳಗಿನಿಂದ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು, ಈಗ ಹರಿಯಿತು, ಈಗ ಹರಿಯಿತು ಅನ್ನಿಸುತ್ತಿತ್ತು. ಹೋದ ವರ್ಷ ದಸರೆ ಮುಗಿದ ಮೇಲೆ ಉಗುಳಿದರೆ ಕೆಂಪು. ಅದಿರಿನ ಧೂಳು ಬಿಡಲೇ ಅಂದ ಪ್ರವೀಣ, ಧೂಳಲ್ಲ. ದವಾಖಾನೆಗೆ ಅಣ್ಣ ನನ್ನನ್ನೂ ಕರೆದುಕೊಂಡು ಹೋದ, ಚೀಟಿ ಮಾಡಿಸಲು ಹೆಂಗಸರ ಸಾಲು ಚಿಕ್ಕದಿರುತ್ತದೆ ಅಂತ, ಚೀಟಿ ಹಿಡಿದು ನಾನೂ ಒಳಗೆ ಹೋಗಿಬಿಟ್ಟೆ, ಡಾಕ್ಟರು ಬ್ಯಾಟರಿ ಬಿಟ್ಟು ಆ ಅನ್ರಿ ಅಂದರು, ಅಂಜಿನಿ ಹಾ ಅಂದ, ಹಾ ಅಲ್ಲಪ್ಪ, ಆ, ಉಸುರು ದಬ್ಬಬ್ಯಾಡ, ಬಾಯಿ ಸುಮ್ನ ತೆರಿ ಸಾಕು, ಆ — ಆಗ ನರ ಕೆಳಗಿಳಿಯಿತು, ನಾನು ನೋಡಿದೆ, ಕೊರಳು ನುಣ್ಣಗಾಯಿತು, ಕೂಸಿನದಾದಂತೆ. ಗಂಟಲಲ್ಲಿ ಸಣ್ಣ ಗಂಟು ಕಟ್ಯಾವ, ಆರು ತಿಂಗಳು ಕೂಗೋ ಹಂಗಿಲ್ಲ, ಕೂಗಿದ್ರ ಮಾತೇ ಹೋಕ್ಕಾವ. ಹೊರಗೆ ಬಂದು ಮೂವರೂ ಕಬ್ಬಿನ ಹಾಲು ಕುಡಿದೆವು, ಅಂಜಿನಿ ಪಿಸುಗುಟ್ಟಿದ, ಜಂಬಣ್ಣ, ಬ್ಯಾರೆ ಯಾರ್ನರ ನೋಡ್ಕ್ಯ, ಅಣ್ಣ ಅಂದ, ಮುಚ್ಚು ಬಾಯಿ, ಡಾಕ್ಟ್ರು ಹೇಳ್ಯಾರಿಲ್ಲ.

ಅಲ್ಲಿಂದ ಹಾಡೇ ಬದಲಾಯಿತು. ಅಣ್ಣ ಗಿಟಾರಿನ ತಂತಿಗಳನ್ನು ಸಡಿಲ ಮಾಡುತ್ತಾ ಹೋದ, ದನಿ ತಗ್ಗುತ್ತಾ ಬಂದು ನೆಲದೊಳಗಿಂದ ಬಂದ ಹಾಗಾಯಿತು, ಒಮ್ಮೆ ಮೀಟಿ ಬಿಟ್ಟುಬಿಡುತ್ತಿದ್ದ, ಅದು ತೂಗಿಕೊಂಡೇ ಇರುತ್ತಿತ್ತು, ಪ್ರವೀಣನಿಗೆ ಕಾಲು ಸುಮ್ಮನಿರುತ್ತಿರಲಿಲ್ಲ, ಇದು ಮೆಟಲ್ಲೋ ಭಜನಿಯೋ ಹೇಳ್ರಲೇ, ಕಂಪ್ಲಿ ಎತ್ತಿನ ಬಂಡಿ ಇದರ್ಕಿಂತ ಜಲ್ದಿ ಹೊಕ್ಕೈತಿ, ಅಣ್ಣ ನಗಲಿಲ್ಲ, ಅವನಿಗೂ ಹೆದರಿಕೆ, ತಲೆ ಕೊಡವಿದ ಹುಡುಗರೆಲ್ಲ ಬಿಟ್ಟು ಹೋದರೆ, ಆದರೂ ನನಗೆ ಹಿಡಿಸಿತು, ಹೇಳಲಿಲ್ಲ, ಏಟಿಗೂ ಏಟಿಗೂ ನಡುವೆ ಈಗ ಜಾಗವಿತ್ತು, ಅಲ್ಲಿ ನಾನು ನಿಲ್ಲಬಹುದಿತ್ತು. ಅಣ್ಣ ಬರೆದ ಅಕ್ಷರ ಇರುವೆ ಮಸಿಯಲ್ಲಿ ಬಿದ್ದು ನಡೆದ ಹಾಗೆ, ಅಂಜಿನಿಗೆ ಓದಲಾಗುವುದಿಲ್ಲ, ಪಂಪಿ ನೀ ಬರಿ, ನಿನ್ನ ಅಕ್ಷರ ದುಂಡಗದಾವು ಅಂದು ಅಣ್ಣ ಉಣ್ಣುತ್ತಾ ಹೇಳುತ್ತಾ ಹೋದ, ಬಾಯಲ್ಲಿ ತುತ್ತು, ನಾನು ಬರೆಯುತ್ತಾ ಹೋದೆ, ಏಳೂ ಹಾಡು, ಹಂಪಿಯ ಮೇಲಿನದು ಮೂರನೆಯದು, ಹಾಳಾದ ಊರಿದು, ಹಾಳಾದೆವು ನಾವು, ಸಂಡೂರಿಗೆ ನಾನೂ ಹೋಗಿದ್ದೆ ರೆಕಾರ್ಡಿಂಗಿಗೆ, ಮೈಕು ಬಾಡಿಗೆ ಕೊಡುವ ಅಂಗಡಿಯ ಹಿಂದಿನ ಕೋಣೆ, ಗೋಡೆಗೆಲ್ಲ ಕಂಬಳಿ ಹೊದಿಸಿದ್ದರು, ಗಾಜಿನ ಆಚೆ ಅಂಜಿನಿ, ಕೈಯಲ್ಲಿ ನನ್ನ ಹಾಳೆ, ಅಣ್ಣ ಕೈ ತೋರಿಸಿದ, ಅಂಜಿನಿ ಬಾಯಿ ತೆರೆದ, ಆಳಾದ ಊರಿದು, ಆಳಾದೆವು ನಾವು.

ಆಳಾದ. ಅವನು ತಪ್ಪು ಹಾಡಲಿಲ್ಲ, ಹಾಳೆಯಲ್ಲಿ ಇದ್ದದ್ದನ್ನೇ ಹಾಡಿದ, ಹ ಬಿಟ್ಟದ್ದು ನಾನು, ಮತ್ತೆ ನಾನೇ. ಅಣ್ಣನ ಹುಬ್ಬು ಗಂಟಾಯಿತು, ಆಮೇಲೆ ಸಡಿಲಾಯಿತು, ಪ್ರವೀಣನ ಕಡೆ ಬಾಗಿ ಅಂದ, ಗಂಟ್ಲು ನೋವಿಗೆ ಹ ಹೊಂಡವಲ್ದು ಅವ್ನಿಗೆ, ಇರ್ಲಿ ಬಿಡು, ದನಿ ಸಾಫ್ ಐತಿ. ನಾನು ಹೇಳಬೇಕಿತ್ತು, ಅಣ್ಣ, ಅದು ಗಂಟಲಲ್ಲ, ನನ್ನ ಕೈ, ಅಂತ, ಅಂಜಿನಿ ಹಾಡುತ್ತಲೇ ಇದ್ದ, ನರ ಎದ್ದಿರಲಿಲ್ಲ, ಬಾಯಿ ಸುಮ್ಮನೆ ತೆರೆದಿತ್ತು, ನಾಲ್ಕು ತಿಂಗಳಾಯಿತು, ಇವತ್ತಿನವರೆಗೂ ಹೇಳಿಲ್ಲ. ಎಮ್ಮಿಗನೂರಿನ ಶಾಲೆಯಲ್ಲಿ ಏಳನೇ ಇಯತ್ತೆ, ಬೋರ್ಡಿನ ಮೇಲೆ ಬರೆ ಅಂದರು ಮಾಸ್ತರು, ಹಕ್ಕಿ ಮರದ ಮೇಲೆ ಕೂತಿತು, ನಾನು ಬರೆದೆ, ಅಕ್ಕಿ ಮರದ ಮೇಲೆ ಕೂತಿತು, ಓದು, ಜೋರಾಗಿ ಓದು, ಓದಿದೆ, ಇಡೀ ಶಾಲೆ ನಕ್ಕಿತು, ಪಾವು ಅಕ್ಕಿ ಅಂತ ಹೆಸರು ಬಿತ್ತು, ಅವ್ವನಿಗೆ ಮೊಣಕಾಲು ನೋವು ಬಂದು ನಾಟಿಗೆ ನಾನು ಹೋಗಬೇಕಾಯಿತು, ಅದಕ್ಕೇ ಶಾಲೆ ಬಿಟ್ಟೆ ಅಂತ ಎಲ್ಲರಿಗೂ ಹೇಳುತ್ತೇನೆ, ಅವ್ವನ ಮೊಣಕಾಲು ನೋಯುತ್ತಿದ್ದದ್ದು ಸುಳ್ಳಲ್ಲ, ಆದರೆ ಅದು ನೋಯದಿದ್ದರೂ ನಾನು ಹೋಗುತ್ತಿರಲಿಲ್ಲ. ಬಾಳಿನ ತುಂಬ ಹ-ವೇ ತುಂಬಿಕೊಂಡಿದೆ ನನಗೆ, ಹೊಸಪೇಟೆ, ಹಂಪಮ್ಮ, ಹುಸೇನಮ್ಮ, ಹಿಟ್ಟು, ಹಂಚು, ಬಾಯಲ್ಲಿ ಹೇಗೋ ಬರುತ್ತದೆ, ಕೈಯಲ್ಲಿ ಜಾರುತ್ತದೆ. ಇವತ್ತು ಪರದೆಯ ಮೇಲೆ ಅಣ್ಣ ತಾನು ಬರೆದಂತೆ ಹಾಳಾದ ಅಂತ ಹಾಕಿರುತ್ತಾನೆ, ಕೆಳಗೆ ಆಳಾದ ಅಂತ ಅಂಜಿನಿಯ ದನಿ, ಕೇಳಿದವರು ಬಿಡುತ್ತಾರೆಯೇ, ಹ ಬರದವನು ಹಾಡಲು ಬಂದ ನೋಡ್ರಲೇ ಅನ್ನುತ್ತಾರೆ, ವಡ್ಡುವಿನಲ್ಲಿ ಲಾರಿಯವರು ದಿನಾ ಅನ್ನುತ್ತಾರೆ, ನನ್ನ ನಗು ಅವನ ಕೊರಳಿಗೆ ಬೀಳುತ್ತದೆ, ಅವನು ತಿರುಗಿ ಕೂಗಲು ಹೋಗುತ್ತಾನೆ, ಹಾ ಅಂತ ತೋರಿಸಲು, ಗಂಟು ಕಟ್ಟಿದ ಗಂಟಲಲ್ಲಿ.

ಬಂತು, ಮೂರನೆಯದು. ಒಂದೇ ತಂತಿ, ತಗ್ಗಿನದು, ತೂಗುತ್ತಿದೆ, ಪ್ರವೀಣನ ಒಂದು ಏಟು, ಕಾಯುತ್ತಾನೆ, ಭಜನಿ ಅಂದವನು ಎಷ್ಟು ಚೆಂದ ಕಾಯುತ್ತಾನೆ, ಇನ್ನೊಂದು ಏಟು, ಹಂಚಿನ ಮೇಲೆ ರೊಟ್ಟಿ ಇದೆ, ಇರಲಿ, ಪರದೆ ಕಪ್ಪಾಗಿದೆ, ಜಗತ್ತಿನಲ್ಲಿ ಇಷ್ಟು ಕಪ್ಪು ಯಾವುದೂ ಇಲ್ಲ, ಬಿಳಿ ಚುಕ್ಕೆ, ಚುಕ್ಕೆ ಅಕ್ಷರವಾಗುತ್ತಿದೆ, ನಾನು ಕಣ್ಣು ಮುಚ್ಚಿದೆ, ದನಿ ಬಂತು, ಕಣ್ಣು ತೆರೆದೆ — ಆಳಾದ ಊರಿದು. ಇನ್ನೊಮ್ಮೆ. ಆಳಾದೆವು ನಾವು. ಆ. ಅಷ್ಟು ದೊಡ್ಡ ಆ, ದುಂಡಗೆ, ದನಿಯೂ ಅಕ್ಷರವೂ ಒಂದೇ, ಎಲ್ಲೂ ಬಿರುಕಿಲ್ಲ. ಪಂಪೀ, ಸುಟ್ಟಿತಲ್ಲಬೇ ಅಂತ ಹುಸೇನಮ್ಮ ಕೈ ಚಾಚಿ ನನ್ನ ರೊಟ್ಟಿ ಎತ್ತಿ ಎಸೆದಳು, ಯಾಕ ಅಳಾಕತ್ತೀ, ಏನಾತು, ಇಲ್ಲ ಅತ್ತಿ, ಹೊಗಿ, ಎಲ್ಲೈತಬೇ ಹೊಗಿ, ಗ್ಯಾಸಿನ ಒಲಿ ಇದು, ತಾರಿಲ್ಲಿ ಅದನ್ನ, ಅಂದು ನನ್ನ ಕಿವಿಯಿಂದ ಕಿತ್ತು ತನ್ನ ಕಿವಿಗೆ ಇಟ್ಟುಕೊಂಡಳು, ಸೆರಗು ಸರಿಸಿ, ಬಾಯಿ ಅರ್ಧ ತೆರೆದು ಕೇಳಿದಳು, ಈ ಸಲ ಒದರವಲ್ಲ, ಹುಡುಗ ಹುಷಾರಾದ್ನೇನು ಅಂದಳು, ಆಮೇಲೆ ರೊಟ್ಟಿ ಬಡಿಯುವುದನ್ನೇ ಬಿಟ್ಟು ಕಿವಿಗೆ ಅಂಗೈ ಒತ್ತಿಕೊಂಡಳು, ಆಳಂತ, ನಮ್ಮನ್ನ ಅಂತಾನ ನೋಡು ಹಂಪಮ್ಮ, ನಾ ಎರ್ಡೆಕ್ರೆ ಹೊಲ ಮಾರಿ ಬಂದು ನಿನ್ನ ಕೈಯಾಗ ಆಳಾದ್ನೆಲ್ಲ, ಹಂಪಮ್ಮಕ್ಕ ಎಣ್ಣೆ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ, ನಾನರ ಏನು, ಹೋಟ್ಲಿನವ್ರ ಆಳು, ಜಲ್ದಿ ಬಡಿರಿ, ಹನ್ನೊಂದೂವರಿಗೆ ಆಟೋ ಬರ್ತೈತಿ.

ಫೋನು ಗುರ್ರೆಂದಿತು, ಅತ್ತಿಯ ಕಿವಿಯಿಂದ ವಾಪಸ್ ತೆಗೆದು ಹಾಕಿಕೊಂಡೆ, ಅಣ್ಣ, ಮಧ್ಯಾಹ್ನದ ಪಾಳಿಗೆ ಫ್ಯಾಕ್ಟರಿ ಬಸ್ಸು ಕಾಯುತ್ತಿದ್ದಾನೆ, ಹಿಂದೆ ಹಾರನ್ನು, ನೋಡಿದ್ಯಾ, ನೋಡ್ದೆ, ಆ ಹ ಎಲ್ಲಿ ನುಂಗಿದ್ದಿ ಹೇಳಲೇ ಅಂದ, ನಗುತ್ತಿದ್ದ, ನಾನು ಗೋಡೆಯ ಕಡೆ ತಿರುಗಿ, ಬೇಕಂತ ಮಾಡಿಲ್ಲಣ್ಣ, ತಪ್ಪಾತು, ಅಂದೆ, ನಾಲ್ಕು ತಿಂಗಳ ಮಾತು, ಮೂರೇ ಶಬ್ದದಲ್ಲಿ ಮುಗಿಯಿತು, ಗೊತ್ತು ಬಿಡು, ತಿಂಗ್ಳಾತು ಗೊತ್ತಾಗಿ, ಅಂಜಿನಿ ನಿನ್ನ ಹಾಳಿ ತೋರ್ಸಿದ, ಬರ್ದದ್ದೇ ಹಾಡೀನಿ ಜಂಬಣ್ಣ, ನನ್ನ ಗಂಟ್ಲಿಗೆ ಹೆಸರಿಡಬ್ಯಾಡ ಅಂದ, ನಾ ಬಿಡ್ಲಿಲ್ಲ, ಇನ್ನೊಮ್ಮೆ ಹಾಡ್ಸಿದೆ, ಹಾ ಹಾಕಿ, ಒಂದ್ ಸಾಲಿಗೆ ಕೆಮ್ಮಿದ, ಆಮ್ಯಾಲೆ ಬಸ್ಸಿನ್ಯಾಗ ಎರ್ಡೂ ಕೇಳ್ಕಂತ ಹೊಂಟಿದ್ದೆ, ಮುಂದ್ನವ ತೊಡಿ ಮ್ಯಾಲೆ ಹೆಲ್ಮೆಟ್ ಇಟ್ಕಂಡು ನಿದ್ದಿ ಮಾಡಾಕತ್ತಿದ್ದ, ಅವನ್ನ ನೋಡಿ ನಾವೆಲ್ಲ ಆಳೇ ಅಲ್ಲೇನು ಅನ್ನಿಸ್ತು, ಸುಮ್ನ ನಿಂದೇ ಇಟ್ಟೆ. ಮತ್ತ ನನಗ್ಯಾಕ ಹೇಳ್ಲಿಲ್ಲ ಅಂದೆ, ಹೇಳಿದ್ರ ತಿಂಗ್ಳು ಪೂರ್ತಿ ತಪ್ಪಾತು ತಪ್ಪಾತು ಅಂತ ಕುಂದರ್ತಿದ್ದಿ, ಬಸ್ ಬಂತು, ಇಡ್ತೀನಿ. ಇಟ್ಟ. ಹಾಡಿನ ಕೆಳಗೆ ಜನ ಬರೆಯತೊಡಗಿದ್ದಾರೆ, ಹಳೇದರ ಜೋಶ್ ಇಲ್ಲ ಗುರು ಅಂತ ಒಬ್ಬ, ನಿದ್ದೆ ಬಂತು ಅಂತ ಇನ್ನೊಬ್ಬ, ಅನ್ನಲಿ, ವಡ್ಡುವಿನವನೊಬ್ಬ ಬರೆದಿದ್ದಾನೆ, ನಮ್ಮ ಕ್ಯಾಂಟೀನ್‌ನಾಗ ಮೂರ್ ಸಲ ಹಚ್ಚಿದ್ವಿ ಅಂತ, ಹ ಎಲ್ಲಿ ಅಂತ ಯಾರೂ ಕೇಳಿಲ್ಲ, ಕೆಳಗಿನವರೆಗೂ ಸರಿಸಿ ನೋಡಿದೆ, ಯಾರೂ ಕೇಳಿಲ್ಲ, ಬೆನ್ನಲ್ಲಿ ಏನೋ ಕಳಚಿದ ಹಾಗೆ, ಹಿಟ್ಟು ತೆಗೆದೆ, ನೀರು ಹಾಕಿದೆ, ನಾದುತ್ತಿದ್ದೇನೆ, ಕಿವಿಯಲ್ಲಿ ನಾಲ್ಕನೆಯದು ಶುರುವಾಗಿದೆ, ಐದನೆಯದೂ ಬರಲಿ, ಹಂಗೇ ಬರುತ್ತಿರಲಿ, ಆದರೆ ಮನಸ್ಸು ಅಲ್ಲೇ ನಿಂತಿದೆ, ಗಾಜಿನ ಆಚೆ, ಕಂಬಳಿಯ ಗೋಡೆ, ಅಂಜಿನಿ ತಲೆ ಸ್ವಲ್ಪ ಎತ್ತಿದ್ದಾನೆ, ಕೊರಳಲ್ಲಿ ನರವಿಲ್ಲ, ಬಾಯಿ ಸುಮ್ಮನೆ ತೆರೆದಿದೆ, ಕೊರಳಲ್ಲಿ ನರವಿಲ್ಲ, ಆ —