ಥಾಯ್ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ

ಹೆಣ್ಣು ನೋಡುವ ಶಾಸ್ತ್ರವನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟುಕೊಂಡವರು ಭೂಮಿಯ ಮೇಲೆ ನಾವೇ ಮೊದಲಿಗರಿರಬೇಕು. ಹುಡುಗ ಮನೆಗೇ ಬರಲಿ, ಉಪ್ಪಿಟ್ಟು ಕೇಸರಿಬಾತು ಮಾಡಿ ಕೊಡೋಣ ಎಂದು ನಾನು ಎಷ್ಟು ಹೇಳಿದರೂ ನನ್ನ ಮಗಳು ಅರ್ಪಿತಾ ಸೊಪ್ಪು ಹಾಕಲಿಲ್ಲ.

"ಅಮ್ಮ, ನಂಗೆ ಮೂವತ್ತಾರು ವರ್ಷ. ಸೀರೆ ಉಟ್ಕೊಂಡು ಟ್ರೇ ಹಿಡ್ಕೊಂಡು ಬರೋ ವಯಸ್ಸಾ ಇದು? ಅವ್ರೇ ಒಂದು ಜಾಗ ಹೇಳಿದಾರೆ. ಯಾವ್ದೋ ಹಳೇ ಥಾಯ್ ಮನೆಯಂತೆ, ಈಗ ಮ್ಯೂಸಿಯಂ ಮಾಡಿದಾರಂತೆ. ನೋಡ್ತಾ ನೋಡ್ತಾ ಮಾತಾಡೋಣ ಅಂದ್ರು. ನೀನೂ ಬಾ."

ಅರ್ಪಿತಾ ಇಲ್ಲಿ ಐರ್ಲೆಂಡಿನ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ಡಾಕ್ಟರು. ಹುಡುಗ ಶಶಾಂಕ್ ನಮ್ಮ ಮೈಸೂರಿನವನೇ, ಅತ್ಲೋನಿನಲ್ಲಿ ಸಾಫ್ಟ್‌ವೇರ್ ಕೆಲಸ. ನಲವತ್ತಕ್ಕೆ ಒಂದು ಕಡಿಮೆ. ಅವನನ್ನು ಹುಡುಗ ಎನ್ನುವುದು ಅಭ್ಯಾಸಬಲ ಅಷ್ಟೆ.

ನನ್ನ ಯಜಮಾನರು ತೀರಿಕೊಂಡ ಮೇಲೆ ಅರ್ಪಿತಾ ಎರಡು ವರ್ಷ ಅರ್ಜಿಗಳ ಬೆನ್ನು ಹತ್ತಿ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅಂದಿನಿಂದ ಅವಳ ಎರಡು ಸಂಬಂಧಗಳು ತಪ್ಪಿವೆ. ಮೊದಲನೆಯವನು ಕ್ಲಾಂಡಾಲ್ಕಿನ್‌ನ ಲೋಹಿತ್. ಬಂದ, ಕಾಫಿ ಕುಡಿದ, ಮನೆಯನ್ನೆಲ್ಲ ಹೊಗಳಿದ, ಹೊರಡುವಾಗ ಕೋಟು ಹಾಕಿಕೊಳ್ಳುತ್ತ, "ಆಂಟಿ ಪರ್ಮನೆಂಟಾಗಿ ಇಲ್ಲೇ ಇರ್ತಾರಾ?" ಎಂದು ಕೇಳಿದ. ಗೋಡೆಯ ತೇವ ಯಾವಾಗಲೂ ಹೀಗೇ ಇರುತ್ತದಾ ಎಂದು ಕೇಳುವ ಧಾಟಿಯಲ್ಲಿ. ಎರಡನೆಯವನು ಇದನ್ನೇ ಫೋನಿನಲ್ಲಿ ಕೇಳಿದ. ಇಬ್ಬರಿಗೂ ಅರ್ಪಿತಾ "ಹೌದು, ಇರ್ತಾರೆ" ಎಂದಳು. ಅಡುಗೆಮನೆಯಲ್ಲಿದ್ದ ನಾನು ಕೇಳಿಸಿಯೂ ಕೇಳಿಸದವಳಂತೆ ಇದ್ದೆ.

ಮೂವತ್ಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು ನಾನು. ಲೆಕ್ಕ ತಾಳೆಯಾಗದಿದ್ದರೆ ಯಾವ ಅಂಕಿ ಅಡ್ಡ ಬರುತ್ತಿದೆ ಎಂದು ಹುಡುಕಲು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಈ ಸಲ ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡು ಹೊರಟೆ. ಏಪ್ರಿಲ್ ತಿಂಗಳಲ್ಲಿ ನಾನು ಮೈಸೂರಿಗೆ ವಾಪಸ್ಸು ಹೋಗುತ್ತೇನೆ, ಇನ್ನು ಮುಂದೆ ತಂಗಿಯ ಮನೆಯಲ್ಲೇ ಇರುತ್ತೇನೆ ಎಂದು ಹುಡುಗನಿಗೆ ಹೇಳಿಬಿಡುವುದು. ತಂಗಿ ತನ್ನ ಮಗನ ಎರಡು ರೂಮಿನ ಮನೆಯಲ್ಲಿ ಮೊಮ್ಮಕ್ಕಳ ಮಧ್ಯೆ ಮಲಗುತ್ತಾಳೆ. ಅಲ್ಲಿ ನನ್ನ ಸೂಟ್‌ಕೇಸಿಗೂ ಜಾಗವಿಲ್ಲ. ಅದು ಹುಡುಗನಿಗೆ ತಿಳಿಯಬೇಕಾಗಿಲ್ಲ. ಮದುವೆಯೊಂದು ಆಗಲಿ, ಆಮೇಲೆ ನನ್ನ ಪಾಡು ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ಕಿಲ್ಕೆನ್ನಿಯಿಂದ ಅರ್ಧ ಗಂಟೆಯ ದಾರಿ. ಹಸುಗಳು ಮೇಯುವ ಹುಲ್ಲುಗಾವಲಿನ ನಡುವೆ ಮನೆ ಎತ್ತರದ ಕಂಬಗಳ ಮೇಲೆ ನಿಂತಿತ್ತು. ಕಡಿದಾದ ಚಾವಣಿ, ಮೇಲಕ್ಕೆ ಹೋದಂತೆ ಸ್ವಲ್ಪ ಒಳಕ್ಕೆ ವಾಲಿದ ತೇಗದ ಗೋಡೆಗಳು. ಐರ್ಲೆಂಡಿನ ಮಳೆಗೆ ತೇಗ ಬೂದು ಬಣ್ಣಕ್ಕೆ ತಿರುಗಿತ್ತು. ಶಶಾಂಕ್ ಕೆಳಗೆ ಕಾಯುತ್ತಿದ್ದ. ತೆಳ್ಳಗೆ ಉದ್ದಕ್ಕಿದ್ದ, ಕಿವಿಯ ಹತ್ತಿರ ಕೂದಲು ನರೆತಿತ್ತು. "ನಮಸ್ಕಾರ ಆಂಟಿ" ಎಂದ. ಆಂಟಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ನಕ್ಕೆ.

ಮನೆಯನ್ನು ತೋರಿಸಿದವರು ನೊಯ್ ಎಂಬ ಹೆಂಗಸು. ಅರವತ್ತು ದಾಟಿರಬಹುದು. ಮುಖ ಥಾಯ್, ಮಾತು ಅಪ್ಪಟ ಕಿಲ್ಕೆನ್ನಿ. ಅದು ಅವರ ಅಜ್ಜಿಯ ಮನೆ, ನೂರು ವರ್ಷ ದಾಟಿದ್ದು. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದರೆ ಮರದ ಹಲಗೆಯ ದೊಡ್ಡ ಜಗಲಿ, ಅದರ ಸುತ್ತ ಕೋಣೆಗಳು. ಹೊಸ್ತಿಲು ಮೊಣಕಾಲಿನವರೆಗೆ ಎತ್ತರ. ತುಳಿಯಬೇಡಿ, ದಾಟಿ ಬನ್ನಿ ಎಂದು ನೊಯ್ ಹೇಳುವ ಮೊದಲೇ ನಾವು ಮೂವರೂ ಬಲಗಾಲಿಟ್ಟು ದಾಟಿಯಾಗಿತ್ತು. ಅವರು ನಮ್ಮನ್ನು ಒಂದು ಕ್ಷಣ ನೋಡಿದರು.

ಕೋಣೆಗಳನ್ನೆಲ್ಲ ನೋಡಿ ಜಗಲಿಗೆ ಬಂದು ಕುಳಿತೆವು. ಅರ್ಪಿತಾ ಮತ್ತು ಶಶಾಂಕ್ ಬಾಡಿಗೆ, ಟ್ರೇನು, ನೈಟ್ ಡ್ಯೂಟಿ ಎಂದು ಏನೇನೋ ಮಾತಾಡಿದರು. ಮಾತು ನಿಂತಿತು. ಈಗ ತಿಂಡಿಯ ಸಮಯ ಎಂದು ನನ್ನ ಕೈಗೆ ತಾನಾಗಿಯೇ ಗೊತ್ತಾಯಿತು. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ತಟ್ಟೆ ಇಟ್ಟು, ಉಪ್ಪಿಟ್ಟು ಕೇಸರಿಬಾತು ಬಡಿಸತೊಡಗಿದೆ.

"ಅಮ್ಮ, ಮ್ಯೂಸಿಯಂ ಇದು" ಎಂದು ಅರ್ಪಿತಾ ಹಲ್ಲು ಕಚ್ಚಿ ಹೇಳಿದಳು.

"ಇರ್ಲಿ. ಶಾಸ್ತ್ರ ಅಂದ್ಮೇಲೆ ಬಾಯಿಗೆ ಸಿಹಿ ಬೀಳ್ಬೇಕು."

ತಿಂಡಿ ತರಬಾರದು ಎಂಬ ಬೋರ್ಡು ನನ್ನ ತಲೆಯ ಮೇಲೇ ಇತ್ತು ಎಂದು ಆಮೇಲೆ ತಿಳಿಯಿತು. ತುಪ್ಪದ ವಾಸನೆಗೆ ನೊಯ್ ಬಂದರು. ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿದೆ ಎಂದು ಶಶಾಂಕ್ ಕೆಂಪಗಾಗಿ ವಿವರಿಸಿದ. ಆಕೆ ಬೋರ್ಡನ್ನೂ ನೋಡಿದರು, ಡಬ್ಬಿಯನ್ನೂ ನೋಡಿದರು. ಬೋರ್ಡು ಕೋಣೆಗಳಿಗೆ, ಜಗಲಿ ಇರುವುದೇ ಉಣ್ಣುವುದಕ್ಕೆ, ಅಜ್ಜಿ ಕೂರುತ್ತಿದ್ದದ್ದೂ ಇಲ್ಲೇ ಎಂದು ನನ್ನ ಪಕ್ಕದಲ್ಲಿ ಕಾಲು ಮಡಿಸಿ ಕುಳಿತೇಬಿಟ್ಟರು. ಕೇಸರಿಬಾತು ತಿಂದು "ಗ್ರ್ಯಾಂಡ್" ಎಂದರು. ಈ ದೇಶದಲ್ಲಿ ಎಲ್ಲದಕ್ಕೂ ಗ್ರ್ಯಾಂಡ್ ಎನ್ನುತ್ತಾರೆ, ಆದರೆ ಅವರು ಎರಡನೇ ಸಲ ಹಾಕಿಸಿಕೊಂಡದ್ದರಿಂದ ನಂಬಿದೆ.

ಮದುವೆಯ ಮಾತು ಬಂದಿತಲ್ಲ, ನೊಯ್ ಎದುರಿನ ಕೋಣೆಯತ್ತ ಕೈ ತೋರಿಸಿದರು. ಅವರ ಕಡೆ ಹುಡುಗಿ ಗಂಡನ ಮನೆಗೆ ಹೋಗುತ್ತಿರಲಿಲ್ಲವಂತೆ. ಹುಡುಗನೇ ಅತ್ತೆಯ ಮನೆಯ ಜಗಲಿಗೆ ಸೇರಿದಂತೆ ಒಂದು ಹೊಸ ಕೋಣೆ ಕಟ್ಟಿ ಅಲ್ಲಿ ಸಂಸಾರ ಹೂಡುತ್ತಿದ್ದನಂತೆ. ಅಲ್ಲಿಗೆ ಸೇತುವೆ ಕಟ್ಟಲು ಹೋದ ಐರಿಷ್ ಎಂಜಿನಿಯರ್, ಎಂದರೆ ಅವರ ಅಪ್ಪ, ಹಾಗೆಯೇ ಎಂಟು ವರ್ಷ ಆ ಕೋಣೆಯಲ್ಲಿದ್ದರು. ಊರಿಗೆ ಮರಳಬೇಕಾಗಿ ಬಂದಾಗ ಅತ್ತೆ, ಮನೆ ಬಿಟ್ಟು ಬರುವುದಿಲ್ಲ ಎಂದು ಕುಳಿತರು. ಅಳಿಯ ಒಂದು ವಾರ ಯೋಚಿಸಿದ. ಇಡೀ ಮನೆಯಲ್ಲಿ ಒಂದು ಮೊಳೆಯಿಲ್ಲ, ಬರೀ ಮರದ ಗೂಟಗಳು. ಬಿಚ್ಚಿದ. ಹಲಗೆ ಹಲಗೆಗೂ ಸೀಮೆಸುಣ್ಣದಲ್ಲಿ ನಂಬರು ಬರೆದು ಹಡಗಿಗೆ ಹಾಕಿಸಿದ. ಮನೆಯ ಹಿಂದೆಯೇ ಅತ್ತೆಯೂ ಬಂದರು. ಚಳಿಗೆ ಒಳಗೊಂದು ಕಬ್ಬಿಣದ ಒಲೆ ಇಟ್ಟುಕೊಂಡು ಹದಿನೇಳು ವರ್ಷ ಇಲ್ಲಿ ಬಾಳಿದರು.

ಕೇಳುತ್ತ ಕೇಳುತ್ತ ನನಗೆ ನಾಚಿಕೆಯಾಯಿತು. ನಾನೇ ಹೇಳಿಕೊಟ್ಟು ಹೇಳಿಸಿದ ಹಾಗಿತ್ತು. ಈ ಕಥೆ ಕೇಳಿದ ಯಾವ ಗಂಡಸಾದರೂ ಎದ್ದು ಓಡಿಹೋಗುತ್ತಾನೆ ಎಂದುಕೊಂಡೆ. ಅರ್ಪಿತಾ ನೊಯ್ ಅವರೊಂದಿಗೆ ತಟ್ಟೆ ತೊಳೆಯಲು ಹಿಂದಿನ ಅಡುಗೆಕೋಣೆಗೆ ಹೋದಳು. ಅದನ್ನೇ ಕಾದಿದ್ದ ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ನೋಡಿ ಶಶಾಂಕ್, ನಾನು ಏಪ್ರಿಲ್‌ನಲ್ಲಿ ಮೈಸೂರಿಗೆ ಹೋಗ್ಬಿಡ್ತೀನಿ. ನನ್ನ ತಂಗಿ ಬಿಡ್ತಾನೇ ಇಲ್ಲ, ಜೊತೇಲೇ ಇರು ಅಂತಾಳೆ. ನಂಗೂ ಈ ಚಳಿ ಸಾಕಾಗಿದೆ. ಅರ್ಪಿತಾಗೆ ಇನ್ನೂ ಹೇಳಿಲ್ಲ. ನಿಮ್ಮಿಬ್ಬರ ಮಧ್ಯೆ ನಾನು ಇರಲ್ಲ."

ಅವನು ಡಬ್ಬಿಯ ಮುಚ್ಚಳ ಹಾಕಿ ನನ್ನತ್ತ ಸರಿಸಿದ. ಆಮೇಲೆ, "ನೀವು ಚೆನ್ನಾಗಿ ಸುಳ್ಳು ಹೇಳಲ್ಲ ಆಂಟಿ" ಎಂದ.

ನನಗೆ ರೇಗಿತು. "ಯಾಕೆ?"

"ಅರ್ಪಿತಾ ಮೊದಲ್ನೇ ಫೋನಲ್ಲೇ ಹೇಳಿದ್ರು. 'ನನ್ನ ಅಮ್ಮ ನನ್ನ ಜೊತೇಲೇ ಇರ್ತಾರೆ. ಅವ್ರಿಗೆ ಹೋಗೋಕೆ ಬೇರೆ ಜಾಗ ಇಲ್ಲ, ಇದ್ರೂ ನಾನು ಕಳಿಸಲ್ಲ. ಬೇಡ ಅಂದ್ರೆ ಈಗ್ಲೇ ಹೇಳಿ, ನಂಗೆ ಡ್ಯೂಟಿಗೆ ಹೊತ್ತಾಯ್ತು' ಅಂತ. ಅದಾದ್ಮೇಲೆ ದಿನಾ ಫೋನ್ ಮಾಡ್ತಿರೋನು ನಾನೇ."

ನಾನು ಸೆರಗಿನ ಅಂಚನ್ನು ನೋಡುತ್ತ ಕುಳಿತೆ.

"ಹೋದ ಭಾನುವಾರ ಒಬ್ನೇ ಇಲ್ಲಿಗೆ ಬಂದಿದ್ದೆ" ಎಂದ. "ನಿಮ್ಗೆ ಮಂಡಿ ನೋವು ಅಂತ ಅರ್ಪಿತಾ ಅಂದಿದ್ರು. ಮೆಟ್ಲು ಹತ್ತೋಕೆ ಆಗುತ್ತಾ ನೋಡೋಣ ಅಂತ. ಸ್ವಲ್ಪ ಕಡಿದು ಅನ್ನಿಸ್ತು. ನೊಯ್ ಅವ್ರನ್ನ ಕೇಳಿದ್ದಕ್ಕೆ ನಮ್ಮಜ್ಜಿ ಎಂಬತ್ತೊಂದು ವರ್ಷದವರೆಗೂ ಹತ್ತುತ್ತಿದ್ರು ಅಂತ ಈ ಕಥೆ ಎಲ್ಲಾ ಹೇಳಿದ್ರು. ಆಗ್ಲೇ ಅನ್ಕೊಂಡೆ, ನಿಮ್ಮನ್ನ ಕರ್ಕೊಂಡು ಬರೋದಾದ್ರೆ ಇಲ್ಲಿಗೇ ಅಂತ. ಬಾಯಿ ಬಿಟ್ಟು ಹೇಳೋಕೆ ನಂಗೆ ಬರಲ್ಲ."

ಹೆಣ್ಣು ನೋಡಲು ಬಂದವನು ಹೆಣ್ಣಿನ ಅಮ್ಮನ ಮಂಡಿಯನ್ನು ನೆನೆದು ಅತ್ಲೋನಿನಿಂದ ಇಷ್ಟು ದೂರ ಗಾಡಿ ಓಡಿಸಿಕೊಂಡು ಬಂದಿದ್ದ. ನನಗೆ ಅಳು ಬಂತು. ಎರಡು ವರ್ಷದಿಂದ ಈ ದೇಶದಲ್ಲಿ ಯಾರ ದಾರಿಗೂ ಅಡ್ಡವಾಗದ ಹಾಗೆ ಗೋಡೆಗೆ ಒತ್ತಿಕೊಂಡು ನಡೆದಿದ್ದೆ. ನಾನಿದ್ದರೆ ಇರಲಿ ಎಂದು ಹೊರಗಿನವರು ಒಬ್ಬರು ಹೇಳಿದ್ದು ಇದೇ ಮೊದಲು.

ಅಷ್ಟರಲ್ಲಿ ಅರ್ಪಿತಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಕಣ್ಣು ನೋಡಿದಳು, ಅವನ ಕಡೆ ತಿರುಗಿದಳು. ಅವಳ ಮುಖ ಬಿಗಿಯಿತು. ಲೋಹಿತ್ ಕೇಳಿದ ಪ್ರಶ್ನೆಯನ್ನು ಇವನೂ ಕೇಳಿದ ಎಂದುಕೊಂಡಿದ್ದಳು ಪಾಪ.

"ಏನಂದ್ರಿ ಅಮ್ಮಂಗೆ?"

"ಅವ್ರೇನೂ ಅನ್ಲಿಲ್ಲ ಕಣೇ" ಎಂದೆ. "ಏಪ್ರಿಲ್‌ನಲ್ಲಿ ಊರಿಗೆ ಹೋಗ್ಬಿಡ್ತೀನಿ ಅಂತ ನಾನೇ ಹೇಳ್ದೆ."

"ಯಾವ ಊರಿಗೆ? ಯಾರ ಮನೆಗೆ?" ಹಗಲು ರಾತ್ರಿ ರೋಗಿಗಳ ಮುಂದೆ ಗಟ್ಟಿಯಾಗಿ ನಿಲ್ಲುವ ನನ್ನ ಮಗಳು ಬರಿಗಾಲಲ್ಲಿ ಆ ಜಗಲಿಯ ಮೇಲೆ ನಿಂತು ಪುಟ್ಟ ಹುಡುಗಿಯ ಹಾಗೆ ನನ್ನನ್ನೇ ನೋಡುತ್ತಿದ್ದಳು. ಅಂಕಿಯೊಂದನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ ಎಂದುಕೊಂಡಿದ್ದ ನಾನು ಎಂಥ ದಡ್ಡಿ.

ಅವಳ ಒದ್ದೆ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.

"ಎಲ್ಲಿಗೂ ಇಲ್ಲ" ಎಂದೆ. "ನಾನು ಎಲ್ಲಿಗೂ ಹೋಗಲ್ಲ."