ಅಪ್ಪನಿಗೆ ಬಂದದ್ದು ಹುಣ್ಣಲ್ಲ

ತಂಗಿ ಊಟದ ಡಬ್ಬಿ ಹಿಡಿದು ಲೇತ್ ಅಂಗಡಿಗೆ ಬಂದಾಗ ಅಣ್ಣ ಯಂತ್ರ ನಿಲ್ಲಿಸಿ, ಕಬ್ಬಿಣದ ಚೂರುಗಳ ನಡುವೆಯೇ ಹೊಟ್ಟೆ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಬಾಯಲ್ಲಿ ಗ್ಯಾಸಿನ ಮಾತ್ರೆ.

"ಮತ್ತೆ ಅದೇನಾ?"

"ಬರೀ ಗ್ಯಾಸು ಕಣೇ. ಈಗ ಸರಿಹೋಗುತ್ತೆ."

"ವರ್ಷದಿಂದ ಇದೇ ರಾಗ. ಪ್ಯಾಂಟು ಸೊಂಟದ ಮೇಲೆ ನಿಲ್ತಿಲ್ಲ, ಕನ್ನಡಿ ನೋಡ್ಕೊಂಡಿದ್ದೀಯಾ?"

ಅವನು ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಅಪ್ಪನೂ ಹೀಗೇ ನಗುತ್ತಿದ್ದ. ಹೊಟ್ಟೆಯ ಹುಣ್ಣು, ಹುಣ್ಣು ಎಂದು ಎಲ್ಲರೂ ಹೇಳುತ್ತಿರುವಾಗಲೇ ತೀರಿಹೋಗಿದ್ದ.

ಸಂಜೆ ಅವಳು ಪಕ್ಕದ ಮನೆಯ ನರ್ಸಮ್ಮನನ್ನು ಕರೆತಂದಳು. ಅವರು ಮೊದಲು ಕೇಳಿದ್ದೇ, "ನಿಮ್ಮನೇಲಿ ಯಾರಿಗಾದ್ರೂ ಹೊಟ್ಟೆಯ ಕ್ಯಾನ್ಸರ್ ಆಗಿತ್ತಾ?"

"ಇಲ್ಲಪ್ಪ" ಅಂದ ಅಣ್ಣ. ಅಮ್ಮ ತಲೆ ಎತ್ತಲಿಲ್ಲ.

"ಅಮ್ಮಾ?" ಅಂದಳು ತಂಗಿ.

"ನಿಮ್ಮಪ್ಪಂಗೆ ಬಂದಿದ್ದು ಹುಣ್ಣಲ್ಲ, ಅದೇ. ದೊಡ್ಡಪ್ಪಂಗೂ ಅದೇ. ಗೊತ್ತಾದ್ರೆ ನಿನ್ನ ಮದುವೆಗೆ ಅಡ್ಡಿ ಆಗುತ್ತೇಂತ ಬಾಯಿ ಮುಚ್ಕೊಂಡ್ವಿ."

ತಂಗಿ ಕುರ್ಚಿ ತಳ್ಳಿ ಎದ್ದಳು. "ನನ್ನ ಮದುವೆಗೋಸ್ಕರ ಅಣ್ಣನ ಜೀವ ಅಡ ಇಟ್ರಾ?"

ಅಮ್ಮ ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ.

ನರ್ಸಮ್ಮ ಅಣ್ಣನ ಕಡೆ ತಿರುಗಿದರು. "ಹೊಟ್ಟೇಲಿ ವರ್ಷಗಟ್ಟಲೆ ಬೀಡುಬಿಡೋ ಒಂದು ಬ್ಯಾಕ್ಟೀರಿಯಾ ಇದೆ, ಎಚ್. ಪೈಲೋರಿ ಅಂತ. ತುಂಬಾ ಜನಕ್ಕಿರುತ್ತೆ, ಹೆಚ್ಚಿನವರಿಗೆ ಕ್ಯಾನ್ಸರ್ ಆಗಲ್ಲ. ಆದ್ರೆ ಕೆಲವರಿಗೆ ಹುಟ್ಟಿನಿಂದ ಬಂದ ಗುಣ ಹೇಗಿರುತ್ತೆ ಅಂದ್ರೆ, ಇದು ಹೊಕ್ಕರೆ ಉರಿಯೂತ ಜಾಸ್ತಿ. ಹೊಟ್ಟೆಯ ಒಳಪದರ ಸವೆದು ಬದಲಾಗುತ್ತಾ ಹೋಗುತ್ತೆ. ಅದಿನ್ನೂ ಕ್ಯಾನ್ಸರ್ ಅಲ್ಲ, ಆದ್ರೆ ಅಲ್ಲಿಗೆ ಹೋಗೋ ದಾರಿ."

"ಹುಟ್ಟಿನಿಂದ್ಲೇ ಬಂದಿದ್ರೆ ನಾವೇನು ಮಾಡೋಕಾಗುತ್ತೆ? ಹಣೆಬರಹ" ಅಂದ ಅಣ್ಣ.

"ಹಣೆಬರಹ ಅಂದ್ರೆ ನೋಡು!" ತಂಗಿ ಸಿಡಿದಳು.

"ಹುಟ್ಟುಗುಣ ಬದಲಾಯಿಸೋಕಾಗಲ್ಲ ಕಣಪ್ಪ, ಬ್ಯಾಕ್ಟೀರಿಯಾನ ಓಡಿಸಬಹುದಲ್ಲ" ಅಂದರು ನರ್ಸಮ್ಮ.

ಆಸ್ಪತ್ರೆಯಲ್ಲಿ ಗಂಟಲಿನಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡಿದರು. ಸೋಂಕು ಇತ್ತು. ಒಳಪದರ ಬದಲಾಗತೊಡಗಿತ್ತು. ಕ್ಯಾನ್ಸರ್ ಇರಲಿಲ್ಲ. ಡಾಕ್ಟರು ಆ್ಯಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ಬಾಯೆಲ್ಲ ಕಹಿ ಎಂದು ಅಣ್ಣ ನಡುವೆಯೇ ಅದನ್ನು ನಿಲ್ಲಿಸಲು ಹೊರಟಾಗ ತಂಗಿ ಅಂಗಡಿಗೆ ನುಗ್ಗಿ ಲೇತಿನ ಸ್ವಿಚ್ಚನ್ನೇ ಆರಿಸಿದಳು. "ಅರ್ಧಕ್ಕೆ ಬಿಟ್ರೆ ಅದು ಆಮೇಲೆ ಮದ್ದಿಗೂ ಬಗ್ಗಲ್ಲ. ನುಂಗು!"

"ಇವಳಿಗಿಂತ ಮಾತ್ರೇನೇ ವಾಸಿ" ಎಂದು ಗೊಣಗುತ್ತ ನುಂಗಿದ. ಮದ್ದು ಪೂರ್ತಿ ಮುಗಿಸಿದ. ಕೆಲವು ವಾರಗಳ ನಂತರ ಮತ್ತೆ ಪರೀಕ್ಷೆ ಮಾಡಿದಾಗ ಸೋಂಕು ಹೋಗಿತ್ತು. ಒಳಪದರವನ್ನು ಮಾತ್ರ ಆಗಾಗ ನೋಡಿಸುತ್ತಿರಬೇಕು ಎಂದರು ಡಾಕ್ಟರು.

"ನೀನೂ ಅದೇ ಅಪ್ಪನ ಮಗಳಲ್ವೇನೇ?" ಎಂದು ನರ್ಸಮ್ಮ ಕೇಳಿದಾಗಲೇ ತಂಗಿಗೆ ತನ್ನ ನೆನಪಾದದ್ದು. ಪರೀಕ್ಷೆ ಮಾಡಿಸಿದಾಗ, ಒಂದು ದಿನವೂ ಹೊಟ್ಟೆ ನೋಯದ ಅವಳಲ್ಲೂ ಸೋಂಕು ಸಿಕ್ಕಿತು. ಅವಳೂ ಮದ್ದು ತೆಗೆದುಕೊಂಡಳು. ಅಮ್ಮನೊಡನೆ ಅವಳ ಮಾತು ಇನ್ನೂ ಅಷ್ಟಕ್ಕಷ್ಟೇ.

ಇದನ್ನು ಕೇಳುತ್ತಿರುವವರೇ, ಇವತ್ತೇ ನಿಮ್ಮ ಹಿರಿಯರನ್ನು ಕೂರಿಸಿ ಕೇಳಿ: ನಮ್ಮಲ್ಲಿ ಯಾರು ಯಾವ ಕಾಯಿಲೆಯಿಂದ ಸತ್ತರು? ಹೆತ್ತವರಿಗೆ, ಒಡಹುಟ್ಟಿದವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿದ್ದರೆ, ನೋವಿರಲಿ ಬಿಡಲಿ, ಡಾಕ್ಟರಿಗೆ ಹೇಳಿ ಎಚ್. ಪೈಲೋರಿ ಪರೀಕ್ಷೆಯ ಬಗ್ಗೆ ಕೇಳಿ. ಕಪ್ಪು ಮಲ, ರಕ್ತವಾಂತಿ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಗ್ಯಾಸಿನ ಮಾತ್ರೆ ನುಂಗಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಸತ್ತವರ ಕಾಯಿಲೆ ಮುಚ್ಚಿಟ್ಟು ಬದುಕಿರುವವರನ್ನು ಕೊಲ್ಲಬೇಡಿ.