ಅದೇ ಬುಧವಾರ

“ಇದು ನಮ್ಮನಿ ಬಾಗಲಾ ಅಲ್ಲೇನಲೇ?” ಎಂದು ಕೇಳಿ ಭಾಗ್ಯಶ್ರೀ ಫೋನನ್ನು ರೂಪಾಳ ಮುಖದ ಹತ್ತಿರ ಹಿಡಿದಳು. ಚಿತ್ರದಲ್ಲಿ ನೀಲಿ ಬಣ್ಣದ ಎರಡು ಕದಗಳ ಬಾಗಿಲಿತ್ತು. ಹೊಸ್ತಿಲ ಒಳಗೆ ತಲೆ ತಗ್ಗಿಸಿ ನಿಂತ ಹುಡುಗಿಯ ಕೆನ್ನೆಯ ಮೇಲೆ ಕಣ್ಣೀರಿನ ಎರಡು ಗೆರೆಗಳಿದ್ದವು.

ಲಿಂಗಸುಗೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ರೂಪಾ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬೈಗುಳಕ್ಕೆ ಕೊಡುವ ಉತ್ತರಗಳಾಗಿದ್ದವು. ಭಾಗ್ಯಶ್ರೀ ಬೈಯುತ್ತಿರಲಿಲ್ಲ. ಅತ್ತೆಮನೆಯ ಬಟ್ಟೆ ಅಂಗಡಿಯ ಗಲ್ಲೆಯ ಹಿಂದೆ ಕಾಲು ಮಡಚಿ ಕೂತು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಹಳ ಆಸಕ್ತಿಯಿಂದ ಆಟ ಆಡುತ್ತಿದ್ದಳು. ಮಾವ ಪಂಪಾಪತಿ ಉಂಡು ಮಲಗಲು ಒಳಗೆ ಹೋಗಿದ್ದರು. ಗಂಡ ವೀರೇಂದ್ರ ಮಾಲು ತರಲು ಬಳ್ಳಾರಿಗೆ ಹೋಗಿದ್ದ. ಹೊರಗಿನ ಬಿಸಿಲಿಗೆ ಹೆದರಿ ಗಿರಾಕಿಗಳೂ ಬಂದಿರಲಿಲ್ಲ.

ಆಟವನ್ನು ಮಾಡಿದವಳು ರೂಪಾ. ಸಿಂಧನೂರಿನಲ್ಲಿ ಡಿಗ್ರಿ ಓದುತ್ತಲೇ, ಕಂಪ್ಯೂಟರ್ ಬಲ್ಲ ಸಹಪಾಠಿ ರಾಜೇಶನನ್ನು ಜೊತೆ ಮಾಡಿಕೊಂಡು, ಒಂದು ವರ್ಷ ಕೂತು ಮಾಡಿದ್ದಳು. ಅದರಲ್ಲಿ ಗುಂಡು ಹಾರಿಸುವುದು, ಗಾಡಿ ಓಡಿಸುವುದು ಏನೂ ಇರಲಿಲ್ಲ. ಪರದೆಯ ಮೇಲೆ ಒಂದು ಚಿತ್ರ, ಅದರ ಕೆಳಗೆ ಮಾತು. ಒತ್ತಿದರೆ ಮುಂದಿನ ಮಾತು. ನಡುನಡುವೆ ಆಟ ನಿಂತು, ಈಗ ಏನು ಮಾಡುತ್ತೀರಿ ಎಂದು ಕೇಳುತ್ತದೆ. ಆರಿಸಿದ ಹಾಗೆ ಕಥೆ ತಿರುಗುತ್ತದೆ. ಪಿಯುಸಿ ಮುಗಿಸಿದ ಮೂವರು ಗೆಳೆಯರು ಒಂದೇ ಬುಧವಾರದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಆ ದಿನ ಅವರಲ್ಲಿ ಒಬ್ಬಳಾದ ಭಾವನಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ಸಂಜೆಗೆ ಮದುವೆ ಗೊತ್ತಾಗುತ್ತದೆ, ಬೆಳಗಾದರೆ ಮತ್ತೆ ಅದೇ ಬುಧವಾರ. ಉಳಿದಿಬ್ಬರು ಒಮ್ಮೆ ಜ್ವರದ ನೆಪ ಹೇಳಿಸುತ್ತಾರೆ, ಒಮ್ಮೆ ಬಂದವರ ಜೀಪಿನ ಗಾಳಿ ಬಿಡುತ್ತಾರೆ, ಒಮ್ಮೆ ಮೇಷ್ಟರನ್ನು ಕರೆತರುತ್ತಾರೆ. ಮದುವೆ ತಪ್ಪಿದರೆ ಮಾತ್ರ ಗುರುವಾರ ಬರುತ್ತದೆ.

ಆಟದಲ್ಲಿದ್ದುದು ಮಸ್ಕಿಯ ಗುಡ್ಡ, ಮಸ್ಕಿಯ ಬಸ್‌ಸ್ಟ್ಯಾಂಡು, ರೂಪಾ, ಭಾಗ್ಯಶ್ರೀ ಇಬ್ಬರೂ ಪಿಯುಸಿಗೆ ಹೋಗಿಬರುತ್ತಿದ್ದ ಬಸ್ಸು. ಭಾಗ್ಯಶ್ರೀಯನ್ನು ಭಾವನಾ ಮಾಡಿ, ಹೆಸರೊಂದನ್ನು ಬದಲಿಸಿದ್ದು ಸಾಕೆಂದು ರೂಪಾ ತಿಳಿದಿದ್ದಳು. ಇಂಟರ್‌ನೆಟ್ಟಿಗೆ ಏರಿಸಿದ ಮೇಲೆ ಕಾಲೇಜು ಹುಡುಗರು ಒಬ್ಬರಿಂದೊಬ್ಬರು ಇಸಿದುಕೊಂಡು ಆಡಿದರು. ಕೈಯಿಂದ ಕೈಗೆ ದಾಟಿ ಅದು ಲಿಂಗಸುಗೂರಿಗೂ ಬಂದು, ಭಾಗ್ಯಶ್ರೀಯ ನಾದಿನಿಯ ಫೋನಿನಲ್ಲಿ ಕೂತಿತು. “ಆಟ ನೋಡೀನಿ. ನೀ ಒಮ್ಮಿ ಬಾ” ಎಂದಷ್ಟೇ ಭಾಗ್ಯಶ್ರೀ ಮೆಸೇಜು ಕಳಿಸಿದ್ದಳು. ಅತ್ತೆಮನೆಯಲ್ಲಿ ಗದ್ದಲವಾಗಿದೆ, ತನ್ನಿಂದ ಒಂದು ಸಂಸಾರ ಕೆಟ್ಟಿತು ಎಂದೇ ರೂಪಾ ಹೆದರಿ ಬಂದಿದ್ದಳು.

ಅತ್ತೆ ಜಂಬಮ್ಮ ಚಹಾದ ಬಟ್ಟಲು ಇಡಲು ಬಂದವರು ಸೊಸೆಯ ಹೆಗಲ ಮೇಲಿಂದ ಬಗ್ಗಿ ನೋಡಿದರು.

“ಏನ್ ನೋಡಾಕತ್ತೀರವ್ವಾ ಇಬ್ರೂ?”

“ಆಟರೀ ಅತ್ತಿ. ಈಕೀನ ಮಾಡ್ಯಾಳ.”

“ಈ ಹುಡುಗಿ ಯಾಕ ಅಳಾಕತ್ಯಾಳ?”

“ನನಗೇನ್ ಗೊತ್ರೀ? ಮಾಡಿದಾಕಿನ್ನ ಕೇಳ್ರಿ.”

ರೂಪಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಆಕಿಗೆ ಮುಂದ ಓದಬೇಕಂತ ಇರ್ತೈತ್ರೀ,” ಎಂದಳು.

“ಓದ್ಲಿ ಬಿಡವ್ವಾ, ಯಾರ್ ಬ್ಯಾಡ ಅಂದಾರ?” ಎಂದು ಜಂಬಮ್ಮ ಒಳಗೆ ಹೋದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಗದ್ದಲವೂ ಆಗಿರಲಿಲ್ಲ.

ಭಾಗ್ಯಶ್ರೀ ಆಟವನ್ನು ಕೊನೆಯವರೆಗೂ ಆಡಿದಳು. ಗುರುವಾರದ ಬೆಳಗು ಬಂದು, ಮೂವರೂ ಸಿಂಧನೂರಿನ ಬಸ್ಸು ಹತ್ತಿದ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಫೋನನ್ನು ಗಲ್ಲೆಯ ಮೇಲೆ ಮಗುಚಿಟ್ಟಳು.

“ಚಲೋ ಮಾಡೀದಿ. ಗುಡ್ಡ ಅಂತೂ ಖರೇನ ಗುಡ್ಡ ಇದ್ದಂಗ ಐತಿ. ಒಂದ್ ಮಾತು ಕೇಳ್ತೀನಿ. ಇದ್ರಾಗ ಎಲ್ಲಾರ್ಗೂ ಆರ್ಸಾಕ ಕೊಟ್ಟೀದಿ. ನನಗ ಯಾಕ ಒಮ್ಮೀನೂ ಕೊಟ್ಟಿಲ್ಲ?”

“ನಿನ್ನ ಬಿಡ್ಸಾಕಂತಾನ ಅಲ್ಲೇನಬೇ ಅವ್ರು ಅಷ್ಟೆಲ್ಲಾ ಮಾಡೋದು?”

“ಅದ ಕೇಳಿದ್ದು. ಅವ್ರು ಓಡ್ಯಾಡ್ತಾರ. ನಾ ಬಾಗಲದಾಗ ನಿಂತು ಅಳ್ತೀನಿ. ನಾ ಆವತ್ತು ಅತ್ತಿದ್ದು ನೀ ನೋಡೀದೇನು?”

ನೋಡಿರಲಿಲ್ಲ. ಭಾಗ್ಯಶ್ರೀಯ ತಂದೆ ದೊಡ್ಡಬಸಪ್ಪನವರ ಹೊಲದಲ್ಲಿ ರೂಪಾಳ ಅಪ್ಪ ಪಕೀರಪ್ಪ ದುಡಿಯುತ್ತಿದ್ದ. ಇಬ್ಬರು ಹುಡುಗಿಯರೂ ಬಸ್ಸಿನಲ್ಲಿ, ಕಾಲೇಜಿನ ಬೆಂಚಿನಲ್ಲಿ, ಬುತ್ತಿಯಲ್ಲಿ ಒಂದಾಗಿದ್ದರೂ ಆ ಮನೆಗೆ ಹೋದಾಗ ರೂಪಾ ಹೊರಗಿನ ಕಟ್ಟೆಯ ಮೇಲೆಯೇ ಕೂಡುತ್ತಿದ್ದಳು. ಆ ಬುಧವಾರವೂ ಅಲ್ಲಿಯೇ ಕೂತಿದ್ದಳು. ಹಿರಿಯರ ಮಾತು ಗುಜುಗುಜು ಕೇಳಿ, ಆಮೇಲೆ ಎಲ್ಲರೂ ನಕ್ಕದ್ದು ಕೇಳಿತ್ತು. ಸ್ವಲ್ಪ ಹೊತ್ತಿಗೆ, ಮದುವೆ ಗೊತ್ತಾಯಿತೆಂದು ಸಕ್ಕರೆಯ ತಟ್ಟೆ ಹೊರಗೆ ಬಂದಿತ್ತು.

“ನಿನಗ ಕಟ್ಟಿ ಮ್ಯಾಲಿಂದ ಬಾಗಲಾ ಅಷ್ಟ ಕಾಣಸ್ತಿತ್ತು,” ಎಂದಳು ಭಾಗ್ಯಶ್ರೀ. “ಅದಕ್ಕ ಬಾಗಲಾ ಅಷ್ಟ ಬರ್ದೀದಿ. ಒಳಗ ಆಗಿದ್ದು ಹೇಳ್ಲೇನು? ಹಿತ್ತಲದಾಗ ಇವ್ರು ನನ್ನ ಕೇಳಿದ್ರು, ಏನಾರ ಹೇಳೋದೈತೇನು ಅಂತ. ನಾ ಕೇಳಿದೆ, ನನ್ನ ಅಂಗಡ್ಯಾಗ ಕುಂದ್ರಸ್ತೀರೇನು ಅಂತ. ಅಪ್ಪಾರ್ನ ಕೇಳಬೇಕು ಅಂದ್ರು. ಹಂಗಾರ ಈಗ ಕೇಳ್ರಿ ಅಂದೆ.”

“ಈಗಂದ್ರ?”

“ಆಗಿಂದಾಗ. ಪಡಸಾಲ್ಯಾಗ, ಅಷ್ಟು ಮಂದ್ಯಾಗ. ಎಲ್ಲಾರೂ ನಕ್ರು. ನಮ್ಮಪ್ಪನ ಮುಖ ನೋಡಬೇಕಿತ್ತು ನೀ, ಕರ್ರಗ ಆಗಿತ್ತು. ಮಾವ ಅಂದ್ರು, ಕುಂದ್ರಲಿ ಬಿಡ್ರಿ, ಹೆಣ್ಮಕ್ಕಳು ಬರೋ ಅಂಗಡಿ ಅಂತ. ಆಮ್ಯಾಗ ನನ್ನ ಕೇಳಿದ್ರು. ಹೂಂ ಅಂದೆ.”

“ಓದಬೇಕಂತ ಇದ್ದಿ ನೀ,” ರೂಪಾಳ ದನಿ ಏರಿತು. “ಮಸ್ಕಿ ಬಸ್ಸಿನ್ಯಾಗ ದಿನಾ ಅದನ್ನ ಮಾತಾಡ್ತಿದ್ವಿ. ಸಿಂಧನೂರಾಗ ಇಬ್ರೂ ಒಂದ ರೂಮ್ ಮಾಡೂಣು ಅಂತ.”

“ನೀ ಮಾತಾಡ್ತಿದ್ದಿ. ನಾ ಕೇಳ್ತಿದ್ದೆ.” ಭಾಗ್ಯಶ್ರೀ ಹರಡಿದ್ದ ಒಂದು ಕುಪ್ಪಸದ ತುಂಡನ್ನು ಎಳೆದುಕೊಂಡು ಮಡಚತೊಡಗಿದಳು. “ನಿನಗ ಒಲ್ಲೆ ಅನ್ನಾಕ ನನಗ ಆಗ್ತಿದ್ದಿಲ್ಲ.”

ಕೇಳಬಾರದು ಅನ್ನಿಸಿದರೂ ರೂಪಾ ಕೇಳಿಯೇಬಿಟ್ಟಳು: “ಈಗ ಆರಾಮ ಅದೀಯೇನು?”

“ಮಾವ ಮಕ್ಕೊಂಡಾಗ ಅಷ್ಟ ಇಲ್ಲಿ ಕುಂದ್ರಾಕ ಬಿಡ್ತಾರ. ಕೆಲವು ದಿನ ಆರಾಮ ಇರ್ತೀನಿ. ಕೆಲವು ದಿನ ಒಲ್ಲೆ ಅನ್ನಬೇಕಿತ್ತು ಅನಸ್ತೈತಿ.” ಮಡಚಿದ ತುಂಡನ್ನು ಅವಳು ಅಂಗೈಯಿಂದ ಒತ್ತಿ ನೆಟ್ಟಗೆ ಮಾಡಿದಳು. “ಆದ್ರ ಹೂಂ ಅಂದಾಕಿ ನಾ. ಅದೊಂದನ್ನ ಕಸ್ಕೋಬ್ಯಾಡ ನೀ.”

ಸಿಂಧನೂರಿಗೆ ಮರಳಿದ ರೂಪಾಳಿಗೆ ಕೆಲವು ದಿನ ಸಿಟ್ಟೇ ಇತ್ತು. ಬಾಡಿಗೆ ರೂಮಿನಲ್ಲಿ ಅವಳ ಮಂಚದ ಎದುರಿಗೆ ಇನ್ನೊಂದು ಮಂಚವಿತ್ತು. ಯಾರನ್ನಾದರೂ ಜೊತೆಗೆ ಹಾಕಿಕೋ ಎಂದು ಮನೆಯೊಡತಿ ಜೈನಾಬೀ ಎಷ್ಟು ಸಲ ಹೇಳಿದರೂ ಅವಳು ಒಪ್ಪಿರಲಿಲ್ಲ. ಅದರ ಮೇಲೆ ಪುಸ್ತಕ, ಬಟ್ಟೆ, ಚಾರ್ಜರಿನ ವೈರುಗಳನ್ನು ಹರವಿಕೊಂಡು ಒಂದು ವರ್ಷ ಗೆಳತಿಯನ್ನು ಮದುವೆಯಿಂದ ಬಿಡಿಸುವ ದಾರಿಗಳನ್ನು ಬರೆದಿದ್ದಳು. ಬರೆಯುವಾಗ ಅದು ಭಾಗ್ಯಶ್ರೀಗಾಗಿ ಎಂದೇ ಅನ್ನಿಸಿತ್ತು. ಒಂದು ಭಾನುವಾರ ಬೆಳಿಗ್ಗೆ ಆ ಮಂಚವನ್ನು ಖಾಲಿಮಾಡಿ, ಯಾರಾದರೂ ಬಂದರೆ ಕಳಿಸಿರಿ ಎಂದು ಜೈನಾಬೀಗೆ ಹೇಳಿಬಂದಳು. ಬಂದು ಕೂತು ಆಟವನ್ನು ಮೊದಲಿನಿಂದ ತೆರೆದಳು.

ರಾಜೇಶ ಒಪ್ಪಲಿಲ್ಲ. “ಎಲ್ಲಾರೂ ಚಲೋ ಐತಿ ಅನ್ನಾಕತ್ಯಾರ. ಈಗ್ಯಾಕ ಕೈ ಹಚ್ಚತಿ?” ಎಂದ. ಬದಲಿಸಿದ್ದನ್ನು ಅವಳು ತೋರಿಸಿದ ಮೇಲಂತೂ ಇನ್ನೂ ಗೊಂದಲಕ್ಕೆ ಬಿದ್ದ. ಗೆಳೆಯರು ಏನೇ ಮಾಡಲಿ, ಎಷ್ಟೇ ಓಡಾಡಲಿ, ಬೆಳಗಾದರೆ ಬುಧವಾರವೇ. ಆಡುವವರು ದಣಿದ ಮೇಲೆ ನೀಲಿ ಬಾಗಿಲಿನ ಒಳಗಿನ ಪಡಸಾಲೆ ಮೊದಲ ಸಲ ಕಾಣುತ್ತದೆ. ಭಾವನಾ ತಲೆ ಎತ್ತಿರುತ್ತಾಳೆ. ಆರಿಸುವ ಸರದಿ ಅವಳದು. ಹೂಂ ಅನ್ನಬಹುದು, ಒಲ್ಲೆ ಅನ್ನಬಹುದು.

“ಯಾವ್ದು ಒತ್ತಿದ್ರ ಗುರುವಾರ ಬರ್ತೈತಿ?”

“ಎರಡಕ್ಕೂ.”

“ಎರಡಕ್ಕೂ ಬಂದ್ರ ಆಟ ಗೆದ್ದಂಗ ಹೆಂಗ ಆತು?”

“ಗೆದ್ದಂಗಲ್ಲ. ಮರುದಿನ ಆತು, ಅಷ್ಟ.”

ರಾಜೇಶ ತಲೆ ಕೆರೆದುಕೊಂಡ, ಆದರೂ ಮಾಡಿಕೊಟ್ಟ. ಹೊಸ ಆಟ ಹಳೆಯದರಷ್ಟು ಓಡಲಿಲ್ಲ. ಕೊನೆ ಹಾಳು ಮಾಡಿದಿರಿ ಎಂದು ಕೆಲವರು ಬರೆದರು. ಯಾರೋ ಒಬ್ಬ ಹುಡುಗಿ, ಊರಿನ ಹೆಸರು ಹಾಕದೆ, ಎರಡನ್ನೂ ಒತ್ತಿ ನೋಡಿದೆ ಎಂದು ಬರೆದಳು, ಏನನ್ನಿಸಿತೆಂದು ಬರೆಯಲಿಲ್ಲ.

ಹೂಂ, ಒಲ್ಲೆ ಎಂಬ ಆ ಎರಡು ಮಾತುಗಳಿಗೆ ದನಿ ಬೇಕು ಎಂದು ರೂಪಾಳಿಗೆ ಹೊಳೆದದ್ದು ಆಮೇಲೆ. ಆಟದಲ್ಲಿ ಬೇರೆ ಎಲ್ಲ ಮಾತೂ ಬರಿಯ ಅಕ್ಷರವಾಗಿತ್ತು. ಇವೆರಡಾದರೂ ಕೇಳಿಸಲಿ ಎಂದು ಅವಳು ಭಾಗ್ಯಶ್ರೀಗೆ ಹೇಳಿಕಳಿಸಿದಳು. ಎರಡನ್ನೂ ಒಂದೊಂದು ಸಲ ಅಂದು ಕಳಿಸು, ಸಾಕು.

ರೆಕಾರ್ಡು ಮರುದಿನ ಮಧ್ಯಾಹ್ನ ಬಂತು. ರೂಪಾ ಕಾಲೇಜಿನಿಂದ ಬರುತ್ತ ಕಾಲುವೆಯ ಸೇತುವೆಯ ಮೇಲೆ ನಿಂತು, ಗಾಳಿಗೆ ಬೆನ್ನು ಮಾಡಿ, ಫೋನನ್ನು ಕಿವಿಗೆ ಇಟ್ಟುಕೊಂಡಳು. ‘ಹೂಂ’ ಒಂದೇ ಸಲ ಇತ್ತು. ಸಹಜವಾಗಿತ್ತು, ಯಾರೋ ಹೆಸರು ಹಿಡಿದು ಕರೆದಾಗ ಓಗೊಟ್ಟ ಹಾಗೆ.

‘ಒಲ್ಲೆ’ಗಳು ಬಹಳ ಇದ್ದವು. ಮೊದಲನೆಯದು ಪಿಸುಮಾತು. ಮುಂದಿನದರಲ್ಲಿ ನಗು ಬಂದು ಅರ್ಧಕ್ಕೆ ನಿಂತಿತ್ತು. ಆಮೇಲಿನವು ಒಂದಕ್ಕಿಂತ ಒಂದು ಗಟ್ಟಿಯಾಗುತ್ತ ಹೋಗಿ, ಒಂದು ಕಡೆ ಪೂರಾ ಕೂಗೇ ಆಗಿ, ಮತ್ತೆ ಇಳಿದಿದ್ದವು. ಕೊನೆಯದರಲ್ಲಿ ಮಾತೇ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು, ಭಾಗ್ಯಶ್ರೀ ಉಸಿರು ಎಳೆದುಕೊಂಡದ್ದು ಕೇಳಿತು. ಅಷ್ಟರಲ್ಲಿ ಯಾರೋ ಹೆಂಗಸು, “ಇದರಾಗ ಬ್ಯಾರೆ ಬಣ್ಣ ತೋರ್ಸವ್ವಾ,” ಎಂದಳು. ರೆಕಾರ್ಡು ನಿಲ್ಲಿಸುವುದು ಮರೆತಿತ್ತೇನೋ, ಸುತ್ತಿಟ್ಟ ಬಟ್ಟೆಯ ತಾನೊಂದು ಗಲ್ಲೆಯ ಮೇಲೆ ಉರುಳುರುಳಿ ಬಿಚ್ಚಿಕೊಳ್ಳುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.